ಒಳಗೆ ಬಿಟ್ಟ ಮೂರು ಇಂಚು

"ಚರ್ರ್… ಚರ್ರ್…"

ದಾರದಂಗಡಿಯಿಂದ ಹಿಂದಿರುಗಿದ ಚಿಕ್ಕ ಟೇಲರಮ್ಮ ಹೊಸ್ತಿಲ ಮೇಲೆ ಒಂದು ಕಾಲಿಟ್ಟವಳು ಹಾಗೆಯೇ ನಿಂತುಬಿಟ್ಟಳು. ಅದು ಯಾವ ಸದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತು ವರ್ಷದಿಂದ ಅದೇ ಕಸುಬು. ಹೊಲಿಗೆ ಬಿಚ್ಚುವ ಸದ್ದನ್ನು ಅವಳು ನಿದ್ದೆಯಲ್ಲೂ ಗುರುತು ಹಿಡಿದಾಳು. ಆದರೆ ಭಾನುವಾರದ ಮಧ್ಯಾಹ್ನ, ಅಂಗಡಿಗೆ ರಜೆ ಇರುವಾಗ, ಯಾರ ಬಟ್ಟೆಯನ್ನು ಯಾರು ಬಿಚ್ಚುತ್ತಿದ್ದಾರೆ?

ಅವರ ಮನೆಯ ಮುಂದಿನ ಕೋಣೆಯೇ ಅಂಗಡಿ. ರಸ್ತೆ ಕಡೆಯ ಕಿಟಕಿಯ ಕೆಳಗೆ ಎರಡು ಮೆಷಿನ್ನು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ. ಆ ಮೇಜಿನಡಿ ಇರುತ್ತಿದ್ದ ತಗಡಿನ ಟ್ರಂಕು ಈಗ ಕೋಣೆಯ ಮಧ್ಯಕ್ಕೆ ಬಂದು ಬಾಯಿ ತೆರೆದುಕೊಂಡು ಕೂತಿತ್ತು. ಅದರ ಪಕ್ಕದಲ್ಲಿ, ನೆಲದ ಮೇಲೆ ಕಾಲು ಚಾಚಿಕೊಂಡು, ಅತ್ತೆ! ಮಡಿಲಲ್ಲಿ ಹಸಿರು ಫ್ರಾಕು, ಕೈಯಲ್ಲಿ ಬ್ಲೇಡು. ಸುತ್ತಲೂ ತೋಳು ಬೇರೆ, ಕಾಲರು ಬೇರೆ, ಮೈ ಬೇರೆಯಾಗಿ ಬಿದ್ದ ಬಟ್ಟೆಗಳು…

"ಅತ್ತೇ!" ದಾರದ ಪೊಟ್ಟಣ ಕೈಯಿಂದ ಜಾರಿತು. ಬಣ್ಣಬಣ್ಣದ ರೀಲುಗಳು ಕೋಣೆಯ ತುಂಬ ಉರುಳಿದವು. "ಏನ್ ಮಾಡ್ತಿದೀರಾ ನೀವು! ಆ ಟ್ರಂಕು ಮುಟ್ಟಿ ಅಂತ ಯಾರು ಹೇಳಿದ್ರು ನಿಮಗೆ!"

ಅತ್ತೆ ತಲೆ ಎತ್ತಲಿಲ್ಲ. "ಕಿರುಚಬೇಡ. ನಂಗೆ ಮಂಜಾಗಿರೋದು ಕಣ್ಣು, ಕಿವಿಯಲ್ಲ," ಎಂದವರೇ ಇನ್ನೊಂದು ತೋಳು ಹಿಡಿದು ಎಳೆದರು. ಚರ್ರ್!

ನೀವು ಈ ಅತ್ತೆಯನ್ನು ರಾಕ್ಷಸಿ ಅಂದುಕೊಳ್ಳುವ ಮೊದಲು ಹಿಂದಿನದನ್ನು ಒಂದಿಷ್ಟು ಹೇಳಿಬಿಡುತ್ತೇನೆ. ಆಮೇಲೂ ಹಾಗೇ ಅನ್ನಿಸಿದರೆ ನಿಮ್ಮಿಷ್ಟ.

ಗಿರಾಕಿಗಳು ಆಕೆಯನ್ನು ಕರೆಯುತ್ತಿದ್ದುದೇ ಕತ್ತರಿಯಮ್ಮ ಎಂದು. ಬಟ್ಟೆಯನ್ನೂ ಮನುಷ್ಯರನ್ನೂ ಒಂದೇ ಏಟಿಗೆ ಕತ್ತರಿಸುವ ಬಾಯಿ, ಕೈ ಎರಡೂ ಇದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಒಂದು ಗುಂಡಿ ಹಾಕಲೂ ಬರುತ್ತಿರಲಿಲ್ಲ. ಅತ್ತೆಯೇ ಎದುರಿಗೆ ಕೂರಿಸಿಕೊಂಡು ಕಲಿಸಿದರು. ಕಲಿಸಿದರು ಅನ್ನುವುದಕ್ಕಿಂತ ಮರದ ಸ್ಕೇಲಿನಿಂದ ಬೆರಳಿಗೆ ಬಾರಿಸಿ ತಿದ್ದಿದರು ಅನ್ನಬೇಕು. ಆ ಏಟುಗಳಲ್ಲಿ ಮುಕ್ಕಾಲು ಪಾಲು ಬಿದ್ದದ್ದು ಒಂದೇ ತಪ್ಪಿಗೆ: ಹೊಲಿಗೆಯ ಒಳಗೆ ಬಟ್ಟೆ ಬಿಡಲಿಲ್ಲ ಎಂದು. "ಗಿರಾಕಿ ಇವತ್ತು ಇದ್ದ ಹಾಗೇ ನಾಳೆ ಇರ್ತಾಳೇನೇ? ದಪ್ಪ ಆದ್ರೆ? ಮಗು ಉದ್ದ ಆದ್ರೆ? ಬಿಚ್ಚಿ ಸಡಿಲ ಮಾಡೋಕೆ ಒಳಗೆ ಎರಡು ಇಂಚು ಬಿಡು ಅಂತ ಎಷ್ಟು ಸಲ ಹೇಳ್ಲಿ!" ಅತ್ತೆಯ ಕಣ್ಣಿಗೆ ಪೊರೆ ಬಂದು ಮೆಷಿನ್ನು ಸೊಸೆಯ ಪಾಲಿಗೆ ಬಂದ ಮೇಲೂ ಆ ಎರಡು ಇಂಚು ತಪ್ಪಲಿಲ್ಲ. ಅವರ ಅಂಗಡಿಯ ಬಟ್ಟೆ ಎಂದರೆ ಮೈ ಬೆಳೆದರೂ ಬರುತ್ತದೆ ಎಂದು ಜನ ಹುಡುಕಿಕೊಂಡು ಬರುತ್ತಿದ್ದರು.

ಹೀಗಿರುವಾಗ ಒಂದು ದಿನ ಅಂಚೆ ಕಚೇರಿಯ ಅಮ್ಮನವರ ಕೋಟು ತಯಾರಾಯಿತು. ಆಕೆಯದೂ ಸೊಸೆಯದೂ ಒಂದೇ ಮೈಕಟ್ಟು. ಹಾಗಾಗಿ ಚಿಕ್ಕ ಟೇಲರಮ್ಮ ತಾನೇ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಕಂಕುಳ ಕೆಳಗಿನ ನೆರಿಗೆ ಸವರಿದಳು. ಬೆರಳಿಗೆ ಗುಂಡಿಯಷ್ಟು ಗಟ್ಟಿಯಾದದ್ದು ಏನೋ ಸಿಕ್ಕಿತು. 'ಅಯ್ಯೋ, ಗುಂಡಿ ಅಸ್ತರಿನೊಳಗೆ ಸೇರಿಹೋಯಿತಲ್ಲಪ್ಪ' ಎಂದು ಗೊಣಗುತ್ತ ಕೋಟು ಕಳಚಿ ಝಾಡಿಸಿದಳು. ಏನೂ ಬೀಳಲಿಲ್ಲ. ಗುಂಡಿಗಳನ್ನು ಎಣಿಸಿದಳು. ಆರಕ್ಕೆ ಆರೂ ಇದ್ದವು! ನಿಧಾನವಾಗಿ ಕೈ ಮತ್ತೆ ಎಡ ಎದೆಯ ಪಕ್ಕಕ್ಕೆ ಹೋಯಿತು. ಗುಂಡಿ ಅಲ್ಲೇ ಇತ್ತು… ಕೋಟಿನಲ್ಲಲ್ಲ, ಅವಳಲ್ಲಿ.

ಆಸ್ಪತ್ರೆ, ಫೋಟೋ, ಸೂಜಿ ಹಾಕಿ ಒಂದು ಚೂರು ತೆಗೆದದ್ದು… ಎಲ್ಲ ಎರಡು ದಿನದಲ್ಲಿ ಮುಗಿಯಿತು. ಫಲಿತಾಂಶಕ್ಕೆ ಹತ್ತು ದಿನ ಕಾಯಿರಿ ಎಂದರು. ದಿನಾ ಸೂಜಿ ಹಿಡಿಯುವವಳಿಗೆ ಆ ಸೂಜಿ ನೋಯಲಿಲ್ಲ. ನೋಯಿಸಿದ್ದು ಕಾಯುವ ಆ ಹತ್ತು ದಿನ. ಹನ್ನೊಂದನೆಯ ದಿನ ಡಾಕ್ಟರಮ್ಮ ಕನ್ನಡಕ ಮೇಲೇರಿಸಿ ನಕ್ಕರು. "ಕೆಟ್ಟ ಗಂಟಲ್ಲಮ್ಮ ಇದು. ತೆಗೆಯೋದೂ ಬೇಡ. ಆರಾಮಾಗಿರಿ. ಆದರೆ ಆರು ತಿಂಗಳಿಗೊಮ್ಮೆ ಬಂದು ತೋರಿಸ್ತಾ ಇರಿ."

ಅವಳ ಗಂಡ ಸಿಟಿ ಬಸ್ಸಿನ ಡ್ರೈವರು. 'ಕೆಟ್ಟದ್ದಲ್ಲ' ಎನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಆಸ್ಪತ್ರೆಯ ಕಾವಲುಗಾರನನ್ನು ತಬ್ಬಿಕೊಂಡ! ಮರುದಿನ ಬಸ್ಸು ಹತ್ತಿದವರಿಗೆಲ್ಲ ಸುದ್ದಿ ಹಂಚಿದ. ಮೂರನೆಯ ದಿನ ತರಕಾರಿ ಅಂಗಡಿಯಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಅವಳ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಗಂಟು ಒಳ್ಳೇದಂತಲ್ಲಮ್ಮ, ಬಹಳ ಸಂತೋಷ!" ಅಂದಾಗ ಚಿಕ್ಕ ಟೇಲರಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅತ್ತೆ ಮಾತ್ರ, "ಸರಿ. ಇನ್ನು ಕೆಲಸ ನೋಡು," ಎಂದು ಒಳಗೆ ಹೋಗಿದ್ದರು. ಎಂಥ ಕಲ್ಲೆದೆ ಎಂದು ಸೊಸೆ ಅಂದೇ ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡಳು.

ಎಲ್ಲರೂ ನಿರಾಳ. ಅವಳೊಬ್ಬಳಿಗೆ 'ಆದರೆ' ಎನ್ನುವ ಆ ಒಂದು ಮಾತು ಕಿವಿಯಲ್ಲೇ ಉಳಿದುಬಿಟ್ಟಿತ್ತು. ಒಳ್ಳೆಯದೇ ಆಗಿದ್ದರೆ ಮತ್ತೆ ಯಾಕೆ ತೋರಿಸಬೇಕು? ಆರು ತಿಂಗಳಲ್ಲಿ ಅದು ಮನಸ್ಸು ಬದಲಾಯಿಸಿದರೆ? ಕೆಟ್ಟದ್ದು ಎಂದಿದ್ದರೆ ಅಳಬಹುದಿತ್ತು. ಒಳ್ಳೆಯದು ಎಂದ ಮೇಲೆ ಅತ್ತರೆ ಜನ ನಗುತ್ತಾರೆ. ದಿನವೂ ಬಚ್ಚಲುಮನೆಯಲ್ಲಿ ಬೆರಳಿಟ್ಟು ನೋಡಿಕೊಳ್ಳುವುದು, ಹೊರಗೆ ಬಂದು ಸುಳ್ಳು ನಗು ನಗುವುದು… ಇದೇ ಆಯಿತು.

ಆ ಹತ್ತು ದಿನದ ಕಾಯುವಿಕೆಯಲ್ಲಿ ಅವಳೊಂದು ಕೆಲಸ ಶುರು ಮಾಡಿದ್ದಳು. ಏಳು ವರ್ಷದ ಮಗಳಿದ್ದಳಲ್ಲ, ಒಂದು ಕ್ಷಣ ನಿಂತಲ್ಲಿ ನಿಲ್ಲದವಳು, ಮನೆಯಲ್ಲಿ ಎಲ್ಲರ ಬಾಯಲ್ಲೂ ಬುಗುರಿ… ಆ ಬುಗುರಿಗೆ ಮುಂದಿನ ವರ್ಷಗಳ ಬಟ್ಟೆಯನ್ನೆಲ್ಲ ಹೊಲಿದಿಡುವುದು! ಎಂಟಕ್ಕೆ ಎರಡು, ಒಂಬತ್ತಕ್ಕೆ ಎರಡು, ಹತ್ತಕ್ಕೆ ಎರಡು… ಪ್ರತಿಯೊಂದಕ್ಕೂ ವಯಸ್ಸು ಬರೆದ ಚೀಟಿ, ಚೀಟಿಗೊಂದು ಪಿನ್ನು. ತಾನಿಲ್ಲದಿದ್ದರೂ ಮಗಳು ತಾಯಿ ಹೊಲಿದದ್ದನ್ನೇ ತೊಡಲಿ ಎಂದು. ಫಲಿತಾಂಶ ಒಳ್ಳೆಯದು ಬಂದ ಮೇಲೆ ನಿಲ್ಲಿಸಬೇಕಿತ್ತು ತಾನೇ? ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಮೆಷಿನ್ನು ತುಳಿದಳು. ಹದಿನಾರರ ಕೋಟಿಗೆ ಬಟ್ಟೆ ಸಾಲದೆ, ತನಗೆಂದು ಮೂರು ವರ್ಷದಿಂದ ಆಸೆಪಟ್ಟು ಎತ್ತಿಟ್ಟಿದ್ದ ನೀಲಿ ಉಣ್ಣೆ ಬಟ್ಟೆಯನ್ನೂ ಕತ್ತರಿಸಿಬಿಟ್ಟಳು. ನಿವೃತ್ತ ಟೀಚರೊಬ್ಬರು ಎಂಟು ತಿಂಗಳ ಆಚೆಯ ಮದುವೆಗೆ ಉಡುಪು ಹೊಲಿಯಲು ಕೇಳಿದಾಗ, "ಅಷ್ಟು ದೂರದ್ದು ನಾನು ಒಪ್ಪಿಕೊಳ್ಳಲ್ಲ ಮೇಡಂ," ಎಂದು ಕಳಿಸಿದಳು. ಎದುರಿಗಿದ್ದ ಬುಗುರಿ, "ಅಮ್ಮಾ, ನನ್ನ ಸ್ಕೂಲ್ ಸ್ಕರ್ಟು ಗಿಡ್ಡ ಆಯ್ತು, ಹೊಸದು ಹೊಲಿಯಮ್ಮಾ," ಎಂದು ಗೋಗರೆದರೆ, "ಈಗ ಟೈಮಿಲ್ಲ ಪುಟ್ಟಾ," ಎನ್ನುತ್ತಿದ್ದಳು.

ಈಗ ಗೊತ್ತಾಯಿತಲ್ಲ, ಟ್ರಂಕಿನಲ್ಲಿ ಏನಿತ್ತೆಂದು.

"ನಿಮಗೆ ಕೈ ಹೇಗೆ ಬಂತು ಅತ್ತೆ!" ಚಿಕ್ಕ ಟೇಲರಮ್ಮ ನೆಲದ ಮೇಲೆ ಕುಸಿದು, ಬಿಚ್ಚಿದ ತೋಳುಗಳನ್ನು ಎದೆಗೆ ಒತ್ತಿಕೊಂಡಳು. ಕಣ್ಣೀರು ಧಾರಾಕಾರವಾಗಿ ಹರಿಯಿತು. "ಒಂದೂವರೆ ತಿಂಗಳು ಬೆನ್ನು ಮುರಿದು ಹೊಲಿದಿದ್ದೀನಿ… ನನ್ನ ಮೇಲೆ ಕೋಪ ಇದ್ರೆ ನಂಗೆ ಬೈಯಿರಿ, ಹೊಡೀರಿ! ನನ್ನ ಮಗಳ ಬಟ್ಟೆ ಏನ್ ಮಾಡಿತ್ತು ನಿಮಗೆ?"

"ಯಾವ ಮಗಳು?" ಅತ್ತೆ ಕೊನೆಗೂ ತಲೆ ಎತ್ತಿದರು. "ಈ ಹದಿನಾಲ್ಕರವಳು, ಹದಿನಾರರವಳು ಯಾರೇ? ನಂಗಂತೂ ಪರಿಚಯ ಇಲ್ಲ. ನಮ್ಮನೇಲಿ ಇರೋದು ಏಳರವಳು. ಅವಳಿಗೆ ಸ್ಕೂಲಿಂದ ಏನು ಬಂದಿದೆ ನೋಡು." ಸೊಂಟದಿಂದ ಒಂದು ಚೀಟಿ ತೆಗೆದು ಎಸೆದರು.

'ಮಗುವಿನ ಸ್ಕರ್ಟು ಮೊಣಕಾಲಿಗಿಂತ ಬಹಳ ಮೇಲಿದೆ. ದಯವಿಟ್ಟು ಹೊಸದು ಹೊಲಿಸಿ.'

"ಟೇಲರ್ ಮನೆಗೆ ಚೀಟಿ! ನಲವತ್ತು ವರ್ಷ ಊರವರ ಮಾನ ಮುಚ್ಚಿದ ಮನೆಗೆ! ಅದನ್ನ ನಿನ್ನ ಕೈಗೆ ಕೊಡೋಕೂ ಮಗು ಹೆದರಿಕೊಂಡು ನನ್ನ ಹತ್ರ ತಂದಿತ್ತು. 'ಅಮ್ಮಂಗೆ ಟೈಮಿಲ್ಲ ಅಜ್ಜಿ' ಅಂತು. ತಡಕಾಡಿಯಾದ್ರೂ ನಾನೇ ಹೊಲಿಯೋಣ ಅಂತ ಬೂದು ಬಟ್ಟೆ ಹುಡುಕ್ತಾ ಮೇಜಿನ ಕೆಳಗೆ ಕೈ ಹಾಕಿದೆ. ಸಿಕ್ಕಿದ್ದು ಈ ಸಂತೆ!"

ಗಿಡ್ಡ ಸ್ಕರ್ಟನ್ನು ಕೆಳಕ್ಕೆ ಎಳೆದುಕೊಳ್ಳುತ್ತ ಶಾಲೆಗೆ ಓಡುವ ಮಗಳು ಚಿಕ್ಕ ಟೇಲರಮ್ಮನ ಕಣ್ಣ ಮುಂದೆ ಬಂದಳು.

"ಅದೂ ಹೋಗಲಿ ಅಂತ ಸುಮ್ಮನಿರ್ತಿದ್ದೆ," ಅತ್ತೆ ಹಸಿರು ಫ್ರಾಕನ್ನು ಒಳಹೊರಗು ಮಾಡಿ ಹಿಡಿದರು. "ಕಣ್ಣು ಕಾಣಲ್ಲ, ಅದಕ್ಕೇ ಬೆರಳಲ್ಲಿ ಸವರಿ ನೋಡಿದೆ. ಎಲ್ಲಾದ್ರಲ್ಲೂ ಹೊಲಿಗೆ ಅಂಚಿಗೇ ಬಂದಿದೆ. ಹದಿನೆಂಟು ಬಟ್ಟೆ, ಒಂದ್ರಲ್ಲೂ ಒಳಗೆ ಕೂದಲೆಳೆಯಷ್ಟು ಬಟ್ಟೆ ಬಿಟ್ಟಿಲ್ಲ! ಗಿರಾಕಿಗಳಿಗೆಲ್ಲ ಎರಡು ಇಂಚು ಬಿಡ್ತೀಯ, ಸ್ವಂತ ಮಗಳಿಗೆ ಯಾಕೇ ಬಿಡಲಿಲ್ಲ? ನಾನು ಕಲಿಸಿದ್ದು ಇದೇನಾ? ಹೇಳು!"

"ಬಿಟ್ಟು ಏನು ಮಾಡ್ಲಿ ಅತ್ತೆ?" ಎಷ್ಟು ದಿನದಿಂದಲೋ ಒಳಗೆ ಕೂತಿದ್ದ ಮಾತು ಕಟ್ಟೆಯೊಡೆದು ಹೊರಬಂತು. "ಬಿಡೋದು ಆಮೇಲೆ ಬಿಚ್ಚೋಕೆ… ಬಿಚ್ಚೋಕೆ ಯಾರಿರ್ತಾರೆ? ನಿಮಗೆ ಕಣ್ಣು ಕಾಣಲ್ಲ. ಅವರಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ. ನಾನು… ನಾನು ಇರ್ತೀನೋ ಇಲ್ವೋ… ನಂಗೆ ಭಯ ಅತ್ತೆ! ಡಾಕ್ಟ್ರು ಆದರೆ ಅಂದ್ರು. ಎಲ್ಲರಿಗೂ ಒಳ್ಳೇದು ಅನ್ನೋದು ಕೇಳಿಸ್ತು, ನಂಗೆ ಆದರೆ ಅನ್ನೋದೊಂದೇ ಕೇಳಿಸ್ತಿದೆ!" ಎಂದವಳೇ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಅತ್ತೆಯ ಕೈಯ ಬ್ಲೇಡು ಕೆಳಗೆ ಬಿತ್ತು. ಹಾಗೆಯೇ ನೆಲದ ಮೇಲೆ ತೆವಳಿಕೊಂಡು ಬಂದು ಸೊಸೆಯ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಕೂದಲು ಸವರಿ ಅಭ್ಯಾಸವಿಲ್ಲದ ಕೈ. ಅಳತೆ ತೆಗೆಯುವವರ ಹಾಗೆ ಹಣೆಯಿಂದ ಕುತ್ತಿಗೆಯವರೆಗೆ ಮತ್ತೆ ಮತ್ತೆ ಸವರಿತು.

"ನಂಗೂ ಭಯ ಕಣೇ. ಒಳ್ಳೇದು ಅಂದ ದಿನ ಒಳಗೆ ಹೋಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಿದ್ದೀನಿ. ಗೊತ್ತಾ ನಿಂಗೆ? ಆದರೂ ಒಂದು ಮಾತು ಕೇಳು. ನಾಳೆ ಯಾರ ಮೈ ಹೇಗಿರುತ್ತೆ ಅಂತ ನಂಗೆ ಯಾವತ್ತಾದ್ರೂ ಗೊತ್ತಿತ್ತಾ? ಗೊತ್ತಿಲ್ಲದ್ದಕ್ಕೇ ಒಳಗೆ ಬಟ್ಟೆ ಬಿಡ್ತಿದ್ದೆ. ನೀನು ಗೊತ್ತಿಲ್ಲ ಅಂತ ಪೂರ್ತಿ ಕತ್ತರಿಸಿಬಿಟ್ಟಿದ್ದೀಯಲ್ಲೇ, ದಡ್ಡಿ!"

ಅಷ್ಟರಲ್ಲಿ ಹೊರಗೆ ಹೆಜ್ಜೆ ಸದ್ದಾಯಿತು. ಭಾನುವಾರ ಅಪ್ಪನ ಬಸ್ಸಿನ ಮುಂದಿನ ಸೀಟಿನಲ್ಲಿ ಊರೆಲ್ಲ ಸುತ್ತಿ ಬರುವುದು ಬುಗುರಿಯ ಹಕ್ಕು. ಅಪ್ಪ ಮಗಳಿಬ್ಬರೂ ನಗುತ್ತ ಒಳಗೆ ಬಂದವರು, ಹರಡಿದ ತೋಳು ಕಾಲರುಗಳ ನಡುವೆ ಅತ್ತೆ ಸೊಸೆ ತಬ್ಬಿಕೊಂಡು ಅಳುತ್ತಿದ್ದುದನ್ನು ಕಂಡು ಕಂಬದಂತೆ ನಿಂತರು. ಅವರಿಬ್ಬರು ತಬ್ಬಿಕೊಂಡದ್ದನ್ನು ಆ ಮನೆಯಲ್ಲಿ ಯಾರೂ ಈವರೆಗೆ ನೋಡಿರಲಿಲ್ಲ.

"ಬಾರೋ ಇಲ್ಲಿ," ಅತ್ತೆ ಕಣ್ಣೊರೆಸಿಕೊಂಡು ಗುಡುಗಿದರು. "ನಿನ್ನ ಹೆಂಡ್ತಿ ನಿಂಗೆ ದಾರ ಪೋಣಿಸೋಕೂ ಬರಲ್ಲ ಅಂತಿದಾಳೆ. ನಿನ್ನ ಕಾಲು ತೋರಿಸು."

ಡ್ರೈವರನ ಮುಖ ಕೆಂಪಾಯಿತು. "ಬೇಡ ಬಿಡಮ್ಮ…"

ಚಿಕ್ಕ ಟೇಲರಮ್ಮ ಗಂಡನ ಕಾಲು ನೋಡಿದಳು. ಖಾಕಿ ಪ್ಯಾಂಟಿನ ಅಂಚು ಬಲಗಾಲಿಗಿಂತ ಎಡಗಾಲಲ್ಲಿ ಒಂದಿಂಚು ಮೇಲಿತ್ತು. ಖಾಕಿಯ ಮೇಲೆ ಬಿಳಿ ದಾರ. ಒಂದೊಂದು ಹೊಲಿಗೆಯೂ ಬೆರಳುದ್ದ, ಒಂದು ಮೂಡಲಿಗೆ, ಇನ್ನೊಂದು ಪಡುವಲಿಗೆ! ಬೀದಿಯಲ್ಲಿ ಹೋಗುವವರ ಬಟ್ಟೆಯ ಅಂಚನ್ನೂ ಬಿಡದೆ ನೋಡುವವಳು ಒಂದೂವರೆ ತಿಂಗಳಿಂದ ಗಂಡನ ಕಾಲು ನೋಡಿರಲಿಲ್ಲ.

"ಇದು… ಯಾವಾಗ ರೀ?"

"ಆ ಹತ್ತು ದಿನದಲ್ಲಿ," ಅವನು ತಲೆ ತಗ್ಗಿಸಿದ. "ನೀನು ಇಲ್ಲಿ ಮೆಷಿನ್ ತುಳೀತಿದ್ದಾಗ ಅಡುಗೆಮನೇಲಿ ಅಮ್ಮ ಕಲಿಸ್ತಿದ್ರು. ಸ್ಕೇಲಲ್ಲಿ ಹೊಡೆದ್ರು ಕಣೇ, ಈ ವಯಸ್ಸಲ್ಲಿ! ಒಂದು ವೇಳೆ… ಬುಗುರಿ ಗುಂಡಿ ಕಿತ್ತು ಬಂದ್ರೆ ನಾನಾದ್ರೂ…"

"ನಿಮಗೂ ಭಯ ಇತ್ತಾ? ಊರಿಗೆಲ್ಲ ನಗ್ತಾ ಸುದ್ದಿ ಹೇಳ್ಕೊಂಡು ಬಂದ್ರಲ್ಲ!"

"ಇರದೇ ಇರುತ್ತಾ? ಕೆಂಪು ದೀಪ ಬಿದ್ದಾಗೆಲ್ಲ ಅಳ್ತಿದ್ದೆ. ಹಸಿರು ಬಂದ್ರೆ ಕಣ್ಣೊರೆಸ್ಕೊಂಡು ಹೊರಡೋದು. ಈಗ್ಲೂ ಒಂದೊಂದು ಸಲ ಹಾಗೇ."

ಚಿಕ್ಕ ಟೇಲರಮ್ಮ ಆ ವಕ್ರ ಹೊಲಿಗೆಯನ್ನು ಮುಟ್ಟಿದಳು.

"ಈ ಕೈಗೆ ನನ್ನ ಮೊಮ್ಮಗಳ ಬಟ್ಟೆ ಒಪ್ಪಿಸಿ ಹೋಗೋಕೆ ಹೊರಟಿದ್ಯಲ್ಲೇ!" ಎಂದರು ಅತ್ತೆ. "ಇದಕ್ಕೆ ಹೆದರಿಯಾದ್ರೂ ಗಟ್ಟಿಯಾಗಿ ಬದುಕು!"

ಮೊದಲು ಕಿಸಕ್ಕೆಂದದ್ದು ಬುಗುರಿ. ಆಮೇಲೆ ಡ್ರೈವರು. ಆಮೇಲೆ ಚಿಕ್ಕ ಟೇಲರಮ್ಮ, ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ಈ ಸಲ ಅದು ನಗುವಿನ ನೀರು. ಅವಳು ಹಾಗೆ ನಕ್ಕು ಎರಡು ತಿಂಗಳಾಗಿತ್ತು.

ಆ ಮಧ್ಯಾಹ್ನ ನಾಲ್ವರೂ ಕೂತು ಉಳಿದ ಬಟ್ಟೆಯನ್ನೂ ಬಿಚ್ಚತೊಡಗಿದರು. ಬಿಚ್ಚುವುದರಲ್ಲಿ ಡ್ರೈವರು ಎತ್ತಿದ ಕೈ ಎಂದು ಅಂದು ಸಾಬೀತಾಯಿತು. 'ಒಂಬತ್ತು' ಎಂದು ಚೀಟಿಯಿದ್ದ ಬೂದು ಸ್ಕರ್ಟನ್ನು ಏಳರವಳ ಅಳತೆಗೆ ಇಳಿಸಿದಾಗ ಕೆಳಗೆ ಮೂರು ಇಂಚು ಉಳಿಯಿತು. ಚಿಕ್ಕ ಟೇಲರಮ್ಮ ಕತ್ತರಿಗೆ ಕೈ ಹಾಕಲಿಲ್ಲ. ಒಳಕ್ಕೆ ಮಡಚಿ ಕೈಹೊಲಿಗೆ ಹಾಕಿದಳು. ಅತ್ತೆ ಮಡಿಕೆಯನ್ನು ಬೆರಳಲ್ಲಿ ಅಳೆದು, "ಹ್ಞಾಂ. ಈಗ ಹೊಲಿದ್ಯಪ್ಪ," ಎಂದರು. ಆಮೇಲೆ ನೀಲಿ ಉಣ್ಣೆಯ ಕೋಟು ಕೈಗೆ ಬಂತು.

"ಹದಿನಾರಕ್ಕೆ ಇಷ್ಟೇ ಇರ್ತಾಳೆ ಅಂತ ಯಾರ ಅಳತೆ ಹಿಡಿದೆ?"

"ನಂದೇ ಅತ್ತೆ. ನನ್ನಷ್ಟೇ ಆಗ್ತಾಳೆ ಅಂತ…"

"ಮತ್ತೇನು, ನೀನೇ ಹಾಕ್ಕೋ!"

ಹಾಕಿಕೊಂಡಳು. ಅಳತೆಗೆ ಸರಿಯಾಗಿ ಬಂತು. ಉಸಿರೆಳೆದರೆ ಮಾತ್ರ ಬಿಗಿ. ಅತ್ತೆ ಎರಡೂ ಪಕ್ಕ ಬಿಚ್ಚಿಸಿ ಒಂದೊಂದು ಪಟ್ಟಿ ಕೊಡಿಸಿದರು, ಒಳಗೆ ಧಾರಾಳವಾಗಿ ಬಟ್ಟೆ ಬಿಡಿಸಿ. "ಮುಂದೆ ದಪ್ಪ ಆಗ್ತೀಯ. ನಮ್ಮನೆ ಹೆಂಗಸರೆಲ್ಲ ಆಗಿದ್ದೀವಿ," ಎಂದರು.

ಭಯ ಅಂದಿಗೇ ಹೋಯಿತು ಎಂದರೆ ನಾನು ಸುಳ್ಳು ಹೇಳಿದಂತೆ. ಅದು ಬರುತ್ತಿತ್ತು. ಬಂದ ದಿನ ಅವಳು ಬಾಯಿಬಿಟ್ಟು ಹೇಳುತ್ತಿದ್ದಳು: "ಅತ್ತೆ, ಇವತ್ತು ಮತ್ತೆ ಆದರೆ ಕೇಳಿಸ್ತಿದೆ." ಅತ್ತೆ, "ಕೇಳಿಸ್ಲಿ ಬಿಡು. ಬಾ, ಚಹಾ ಕುಡಿ," ಎನ್ನುತ್ತಿದ್ದರು. ದಿನಾ ಮುಟ್ಟಿ ನೋಡುತ್ತಿದ್ದುದನ್ನು ಡಾಕ್ಟರಮ್ಮ ಹೇಳಿದಂತೆ ತಿಂಗಳಿಗೊಮ್ಮೆಗೆ ಇಳಿಸಿದಳು.

ಆರು ತಿಂಗಳು ತುಂಬಿದ ದಿನ ನೀಲಿ ಕೋಟು ತೊಟ್ಟು ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ಅತ್ತೆ ಒಂದು ಕೈ ಹಿಡಿದಿದ್ದರು, ಗಂಡ ಇನ್ನೊಂದು. ಸ್ಕ್ಯಾನು ಮುಗಿಸಿ ಡಾಕ್ಟರಮ್ಮ ಕನ್ನಡಕ ಮೇಲೇರಿಸಿದರು. "ಹೇಗಿತ್ತೋ ಹಾಗೇ ಇದೆ. ತೊಂದರೆ ಏನಿಲ್ಲ. ಆದರೆ ಇನ್ನು ಆರು ತಿಂಗಳಿಗೆ ಮತ್ತೆ ಬನ್ನಿ."

ಹೊರಗೆ ಬಂದಾಗ ಬುಗುರಿ ಕೋಟಿನ ತುದಿ ಎಳೆದಳು. "ಏನಂದ್ರಮ್ಮಾ?"

"ಮತ್ತೆ ಬಾ ಅಂದ್ರು ಪುಟ್ಟಾ."

"ಬಂದ್ರಾಯ್ತು. ಇಲ್ಲಿ ಲಿಫ್ಟ್ ಚೆನ್ನಾಗಿದೆ," ಎಂದಳು ಬುಗುರಿ.

ಮನೆಗೆ ಬಂದವಳೇ ಚಿಕ್ಕ ಟೇಲರಮ್ಮ ಮಾಡಿದ ಮೊದಲ ಕೆಲಸ ನಿವೃತ್ತ ಟೀಚರಿಗೆ ಫೋನು. "ಮೇಡಂ, ಆ ಮದುವೆ ಉಡುಪು… ಇನ್ನೂ ಯಾರಿಗೂ ಕೊಟ್ಟಿಲ್ಲ ತಾನೇ? ನಾನೇ ಹೊಲಿತೀನಿ." ಎರಡನೆಯ ಕೆಲಸಕ್ಕೆ ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಟೇಪು ಹಿಡಿದಳು. ಐದು ತಿಂಗಳ ಹಿಂದೆ ಮೊಣಕಾಲು ಮುಚ್ಚಿದ್ದ ಬೂದು ಸ್ಕರ್ಟು ಈಗ ಒಂದಿಂಚು ಮೇಲೇರಿತ್ತು.

"ಅತ್ತೆ! ಒಂದಿಂಚು ಬೆಳೆದಿದ್ದಾಳೆ!"

"ಬೆಳೀದೆ? ಸಂಜೆ ಆಯ್ತು ಅಂದ್ರೆ ನಾಲ್ಕು ರೊಟ್ಟಿ ತಿಂತಾಳೆ. ಬಿಚ್ಚು ಮತ್ತೆ."

"ನಾನು ಹೊಲಿದುಕೊಡ್ಲಾ?" ಎಂದು ಡ್ರೈವರು ಉತ್ಸಾಹದಿಂದ ತೋಳು ಮಡಚಿದ.

"ಬೇಡ!" ಎಂದು ಮೂವರು ಹೆಂಗಸರೂ ಒಟ್ಟಿಗೆ ಕೂಗಿದರು.

ಕಿಟಕಿಯ ಬಿಸಿಲಿಗೆ ಕೂತು, ಅಂದು ತಾನೇ ಮಡಚಿಟ್ಟ ಅಂಚನ್ನು ಚಿಕ್ಕ ಟೇಲರಮ್ಮ ಇಂದು ತನ್ನ ಕೈಯಾರೆ ಬಿಚ್ಚಿದಳು. ಚರ್ರ್… ಎಷ್ಟು ಹಿತವಾದ ಸದ್ದು! ಒಂದಿಂಚು ಕೆಳಗಿಳಿಸಿ ಮತ್ತೆ ಹೊಲಿದಳು. ಇಸ್ತ್ರಿ ತಿಕ್ಕಿದರೂ ಹಳೆಯ ಮಡಿಕೆಯ ಗೆರೆ ಹೋಗಲಿಲ್ಲ. ಒಳಗೆ ಬೆರಳು ತೂರಿಸಿ ನೋಡಿದಳು. ಇನ್ನೂ ಎರಡು ಇಂಚು ಬಾಕಿ ಇತ್ತು.